ಸ್ಟೀರಿಂಗಿನ ಮೇಲೆ ಎರಡು ಕೈಗುರುತು

ಜುಲೈ 9, ಮಂಗಳವಾರ

ಇವತ್ತೂ ಕಾಲೇಜಿಗೆ ಹೋಗಲಿಲ್ಲ. ಯಾರಿಗೂ ಹೇಳಲಾಗದ್ದನ್ನು ಎಲ್ಲಾದರೂ ಒಂದು ಕಡೆ ಹೇಳಬೇಕಲ್ಲ, ಅದಕ್ಕೆ ಈ ಪುಸ್ತಕ.

ಏಳು ಗಂಟೆಗೆ ಚೀಲ, ಊಟದ ಡಬ್ಬಿ ಹಿಡಿದು ಹೊರಟೆ. ಅಪ್ಪನ ಅಕ್ಕ ಗುಲ್ ಫುಯಿ ಬಾಗಿಲವರೆಗೂ ಬಂದು ಓಡಿಕೊಲೋನ್ ಸುಗಂಧ ಸುರಿದ ಕರವಸ್ತ್ರವನ್ನು ಕೈಗೆ ತುರುಕಿದರು. ತಲೆನೋವು, ಜ್ವರ, ಸೆಕೆ, ಸಾವಿನ ಮನೆ, ಎಲ್ಲಕ್ಕೂ ಈ ಮನೆಯಲ್ಲಿ ಅದೊಂದೇ ಔಷಧಿ.

“ಟ್ರೇನಲ್ಲಿ ಮೂಗಿಗೆ ಹಿಡ್ಕೋ. ಮಧ್ಯಾಹ್ನ ಬಂದು ಡಬ್ಬಿ ತೋರಿಸ್ಬೇಕು. ನಿಮ್ಮಪ್ಪ ಮಸ್ಕತ್‌ನಲ್ಲಿ ಕೂತ್ಕೊಂಡು ವಾರಕ್ಕೊಂದ್ಸಲ ಫೋನ್ ಮಾಡ್ತಾನೆ, ಅಕ್ಕಾ, ಹುಡುಗಿ ಸರಿಯಾಗಿ ತಿಂತಾಳಾ ಅಂತ. ನಾನೇನು ಇಲ್ಲಿ ಹಸು ಕಟ್ಕೊಂಡಿದೀನಾ.”

ಮೂರು ಮಹಡಿ ಇಳಿದು, ಗೇಟಿನ ಕಡೆ ತಿರುಗುವ ಬದಲು ಕಟ್ಟಡದ ಹಿಂದಕ್ಕೆ ತಿರುಗಿದೆ. ಗ್ಯಾರೇಜಿನ ಬೀಗದ ಕೈ ನನ್ನ ಹತ್ತಿರವೇ ಇದೆ. ಭಾನುವಾರ ಗಾಡಿಯ ಧೂಳು ಹೊಡೆಯುವುದು ನನ್ನ ಕೆಲಸ. ಏಪ್ರಿಲ್‌ನಲ್ಲಿ ಸೊಂಟದ ಆಪರೇಷನ್ ಆದ ಮೇಲೆ ಫುಯಿ ಗ್ಯಾರೇಜಿನ ಹತ್ತಿರ ಬಂದಿಲ್ಲ. ಒಳಗೆ ಹೋಗಿ ಬಾಗಿಲೆಳೆದುಕೊಂಡು ಫಿಯಾಟಿನ ಡ್ರೈವರ್ ಸೀಟಿನಲ್ಲಿ ಮಧ್ಯಾಹ್ನ ಒಂದರವರೆಗೆ ಕೂತಿದ್ದೆ.

ಮೇಲೆ ತಗಡು, ತಗಡಿನ ನಡುವೆ ಒಂದು ಹಸಿರು ಪ್ಲಾಸ್ಟಿಕ್ ಹಾಳೆ. ಮಳೆ ಬಿದ್ದಾಗ ಆ ಹಸಿರು ಬೆಳಕು ಅಲುಗುತ್ತದೆ, ಗಾಡಿ ಕೆರೆಯ ತಳದಲ್ಲಿ ನಿಂತ ಹಾಗೆ. ನಾನು ಒಂದು ಮೀನು. ಮೀನಿನ ಹಾಜರಿ ಯಾರೂ ಕೂಗುವುದಿಲ್ಲ.

ಜುಲೈ 11

ಹೇಗೆ ಶುರುವಾಯಿತು ಎಂದು ನೆನಪಿರುವಾಗಲೇ ಬರೆಯುತ್ತೇನೆ.

ಏಳನೇ ವಯಸ್ಸಿನಿಂದ ಪಂಚಗಣಿಯ ಹಾಸ್ಟೆಲಿನಲ್ಲಿ ಗಂಟೆಯ ಸದ್ದಿಗೆ ಎದ್ದೆ, ಗಂಟೆಯ ಸದ್ದಿಗೆ ಉಂಡೆ, ಗಂಟೆಯ ಸದ್ದಿಗೆ ಪ್ರಾರ್ಥನೆ ಮಾಡಿದೆ. ಈ ಕಾಲೇಜಿನಲ್ಲಿ ಒಂದು ತರಗತಿಗೆ ನೂರಿಪ್ಪತ್ತು ಜನ. ಯಾವ ಬಾಗಿಲು, ಯಾವ ಸಾಲು, ಯಾರೂ ಹೇಳುವುದಿಲ್ಲ. ಎರಡನೇ ದಿನ ಕೆಮಿಸ್ಟ್ರಿ ಮೇಷ್ಟ್ರು ಹಾಜರಿ ತೆಗೆದರು. ನನ್ನದು ನಲವತ್ತೇಳು. ನಲವತ್ತೈದಕ್ಕೇ ಅಂಗೈ ಒದ್ದೆಯಾಯಿತು. ನಲವತ್ತೇಳು ಎಂದರು. ಬಾಯಿ ತೆರೆದೆ, ದನಿ ಬರಲಿಲ್ಲ. ಇನ್ನೊಮ್ಮೆ ಕೂಗಿ, ಗೀಟು ಎಳೆದು, ಮುಂದೆ ಹೋದರು. ಮೂರನೇ ಬೆಂಚಿನಲ್ಲಿ ಕೂತಿದ್ದ ನಾನು ಆ ದಿನ ಗೈರುಹಾಜರಿ. ಮರುದಿನವೂ ಹಾಗೇ. ಇದ್ದರೂ ಇಲ್ಲವೆಂದ ಮೇಲೆ ಹೋಗುವುದು ಯಾಕೆ? ಜುಲೈ ಒಂದರಿಂದ ಹೋಗಿಲ್ಲ.

ಆಗಸ್ಟ್ ಇಪ್ಪತ್ತಕ್ಕೆ ಪಟ್ಟಿ ಹಾಕುತ್ತಾರೆ. ನೂರಕ್ಕೆ ಎಪ್ಪತ್ತೈದು ಹಾಜರಿ ಇಲ್ಲದವರು ಮನೆಯ ಹಿರಿಯರನ್ನು ಕರೆತರಬೇಕು. ಪರೀಕ್ಷೆಗೆ ಕೂರಿಸದೆಯೂ ಇರಬಹುದು. ಅಪ್ಪ ಮಸ್ಕತ್‌ಗೆ ಕರೆಸಿಕೊಳ್ಳುತ್ತಾರೆ. ಅಲ್ಲಿಗೆ ನಾನು ಓದಿದ ಹಾಗೇ.

ಜುಲೈ 14, ಭಾನುವಾರ

ಫುಯಿ ಕೋಲೂರಿಕೊಂಡು ಕೆಳಗಿಳಿದು ತೋಟದ ಬೆಂಚಿನಲ್ಲಿ ಕೂತರು. ಎರಡನೇ ಮಹಡಿಯ ಮಿನೂ ಕಾಕಾ ಪಕ್ಕದಲ್ಲಿ. ನಾನು ಬಕೆಟ್ ಹಿಡಿದು ಗ್ಯಾರೇಜಿನ ಬಾಗಿಲು ತೆಗೆದೆ.

“ಗುಲು, ನಿನ್ನ ಗಾಡಿಗೆ ಆದಷ್ಟು ಸ್ನಾನ ನನಗೆ ಆಗಿಲ್ಲ ನೋಡು,” ಎಂದರು ಮಿನೂ ಕಾಕಾ.

“ಅದನ್ನ ಬಾಯ್ಬಿಟ್ಟು ಹೇಳ್ಬೇಕಾ. ಮೆಟ್ಟಿಲಲ್ಲಿ ನೀನು ಹತ್ತಿ ಹೋದ್ರೆ ಅರ್ಧ ಗಂಟೆ ಗೊತ್ತಾಗ್ತಿರುತ್ತೆ.”

ಫುಯಿಯ ಹುಕುಂಗಳೆಲ್ಲ ಬೆಂಚಿನಿಂದಲೇ. ಗಾಜಿಗೆ ಹಳೆ ಪೇಪರು, ಬಂಪರಿಗೆ ಬೂದಿ. “ಸ್ಟೀರಿಂಗ್ ತಿಕ್ಬೇಡ. ಒಣ ಬಟ್ಟೇಲಿ ಸುಮ್ನೆ ಸವರು, ಮಗೂ ಕೆನ್ನೆ ಸವರಿದ ಹಾಗೆ.”

ಗಾಡಿ ಅಜ್ಜನದು. ಬಂದಾಗ ಸ್ಟೀರಿಂಗ್ ಬೋಳು ಬೋಳು, ಕೈ ಜಾರುತ್ತಿತ್ತಂತೆ. ಮಹಾಲಕ್ಷ್ಮಿಯಲ್ಲಿ ರೇಸ್ ಕುದುರೆಗಳಿಗೆ ಜೀನು ಹೊಲಿಯುವವರಿಂದ ಅದಕ್ಕೆ ಜೇನಿನ ಬಣ್ಣದ ತೊಗಲು ಹೊಲಿಸಿದರು. ನಲವತ್ತು ವರ್ಷ ಹಿಡಿದೂ ಹಿಡಿದೂ ಎಡಕ್ಕೊಂದು, ಬಲಕ್ಕೊಂದು ಜಾಗ ಕಪ್ಪಾಗಿದೆ. ಬೆರಳುಗಳ ನಡುವಿನ ಸಂದು ಕೂಡ ಕಾಣುತ್ತದೆ.

“ಅಲ್ಲಿ ಕೈ ಇಟ್ರೆ ಸಾಕು, ಪಪ್ಪಾ ಪಕ್ಕದಲ್ಲಿ ಕೂತು ಬೈತಾ ಇದಾರೆ ಅನ್ಸುತ್ತೆ,” ಎಂದರು ಫುಯಿ. “ಒಬ್ಳೇ ಇರೋವ್ಳಿಗೆ ಬೈಗುಳನೂ ಬೇಕು ದೀಕ್ರಾ, ನನ್ನ ಮರೀ. ಹೊಸ ವರ್ಷದ ದಿನ ನಾನೇ ಓಡಿಸ್ಕೊಂಡು ಅಗಿಯಾರಿಗೆ ಹೋಗಿ ಬೆಂಕಿಗೆ ಗಂಧ ಕೊಟ್ಟು ಬರ್ತೀನಿ. ಅಲ್ಲೀವರೆಗೂ ಡಾಕ್ಟ್ರು ಬೇಡ ಅಂದಿದಾರೆ.”

ಮಿನೂ ಕಾಕಾ ಯಾಕೋ ಕೆಮ್ಮಿದರು. ನಮ್ಮ ಪಾರಸಿಗಳ ಹೊಸ ವರ್ಷ ಆಗಸ್ಟ್ ಹದಿನೈದಕ್ಕೆ.

ಜುಲೈ 16, ಮಂಗಳವಾರ

ಏನು ಮಾಡಿಬಿಟ್ಟೆ.

ಬೆಳಿಗ್ಗೆ ಮಳೆ ಜೋರಿತ್ತು. ಹತ್ತು ಗಂಟೆ ಎಂದರೆ ಕೆಮಿಸ್ಟ್ರಿ. ಈಗ ನಲವತ್ತೈದು, ಈಗ ನಲವತ್ತಾರು ಎಂದು ಲೆಕ್ಕ ಹಾಕುತ್ತ ಕೂತವಳಿಗೆ ಇಲ್ಲಿ ಕೂತೇ ಅಂಗೈ ಬೆವರಿತು. ಸ್ಟೀರಿಂಗ್ ಹಿಡಿದುಕೊಂಡೆ. ಕೈಗೆ ಮೆತ್ತಗೆ ಏನೋ ಅಂಟಿತು. ಬೂಷ್ಟು. ಮಳೆಗಾಲದ ಬಿಳಿ ಬೂಷ್ಟು, ತೊಗಲಿನ ಮೇಲೆ ಪೂರ್ತಿ, ಹಿಟ್ಟು ಉದುರಿಸಿದ ಹಾಗೆ. ಕೈಯಲ್ಲಿ ಫುಯಿಯ ಕರವಸ್ತ್ರ ಇತ್ತು. ಒರೆಸಿದೆ. ಬೂಷ್ಟು ಹೋಯಿತು, ಪರಿಮಳ ಬಂತು. ಚೀಲದಲ್ಲಿದ್ದ ಓಡಿಕೊಲೋನಿನ ಪುಟ್ಟ ಸೀಸೆಯಿಂದ ಇನ್ನಷ್ಟು ಸುರಿದು ತಿಕ್ಕಿದೆ. ತಿಕ್ಕುತ್ತಿದ್ದಷ್ಟು ಹೊತ್ತು ಎದೆ ಹೊಡೆದುಕೊಳ್ಳುವುದು ನಿಂತಿತ್ತು. ಅದಕ್ಕೇ ನಿಲ್ಲಿಸಲಿಲ್ಲ.

ಆ ಹಸಿರು ಬೆಳಕಿನಲ್ಲಿ ಬಣ್ಣ ತಿಳಿಯುವುದಿಲ್ಲ. ಒಂದು ಗಂಟೆಗೆ ಬಾಗಿಲು ತೆಗೆದಾಗ ಕರವಸ್ತ್ರ ಕಾಫಿ ಬಣ್ಣಕ್ಕೆ ತಿರುಗಿತ್ತು. ಅಜ್ಜನ ಎರಡು ಕೈ ಇದ್ದ ಕಡೆ ಬಿಸ್ಕತ್ತಿನ ಬಣ್ಣದ ಎರಡು ಕಲೆ.

ಜುಲೈ 17

ಕಲೆಯ ಬಣ್ಣ ಇನ್ನಷ್ಟು ತೆಳುವಾಗಿದೆ. ತೊಗಲು ಒಣಗಿ ಸಣ್ಣ ಗೆರೆಗಳು ಬಿದ್ದಿವೆ.

ಫುಯಿಗೆ ಹೇಳೋಣವೆಂದರೆ, ಮೊದಲ ಪ್ರಶ್ನೆ, ಯಾವಾಗ ಮಾಡಿದೆ? ಮಂಗಳವಾರ ಹತ್ತು ಗಂಟೆಗೆ ಗ್ಯಾರೇಜಿನಲ್ಲಿ ನಿನಗೇನು ಕೆಲಸ? ಒಂದು ತಪ್ಪನ್ನು ಎಳೆದರೆ ಇನ್ನೊಂದು ಜೊತೆಗೇ ಬರುತ್ತದೆ.

ಜುಲೈ 23

ಮಹಾಲಕ್ಷ್ಮಿಗೆ ಹೋಗಿ ಬಂದೆ. ಜೀನು ಹೊಲಿಯುವವರು ಎಲ್ಲಿ ಎಂದು ಸ್ಟೇಷನ್ನಿನಲ್ಲಿ ಒಬ್ಬರನ್ನು, ಹೂವಿನವಳನ್ನು, ಕುದುರೆ ನಡೆಸಿಕೊಂಡು ಹೋಗುತ್ತಿದ್ದ ಇಬ್ಬರನ್ನು ಕೇಳಿದೆ. ಲಾಯದ ಹಿಂದಿನ ಓಣಿಯಲ್ಲಿ ಯಾಕೂಬ್ ಮಿಸ್ತ್ರಿ ಸಿಕ್ಕರು. ಅಜ್ಜನ ಸ್ಟೀರಿಂಗ್ ಹೊಲಿದವರ ಮಗ, ಅವರಿಗೇ ಎಪ್ಪತ್ತಾಗಿದೆ. ಕಿವಿ ಮಂದ. ಸುತ್ತ ಕುದುರೆಗಳು ಕೆನೆಯುತ್ತಿದ್ದವು, ಪಕ್ಕದಲ್ಲಿ ಯಾರೋ ಲಾಳ ಬಡಿಯುತ್ತಿದ್ದರು. ಗಂಟಲು ಹರಿಯುವ ಹಾಗೆ ಕೂಗಬೇಕಾಯಿತು.

“ಯಾರು ನೀನು?”

“ಹುತೋಕ್ಷಿ. ದಾದರಿನ ಫಿಯಾಟಿನವರ ಮೊಮ್ಮಗಳು.”

“ಏನು ಹಚ್ಚಿದೆ ಅದಕ್ಕೆ?”

“ಓಡಿಕೊಲೋನ್.”

ಅವರು ಸೂಜಿ ಕೆಳಗಿಟ್ಟು ನಕ್ಕರು. “ಪಾರಸಿಗಳು. ಸತ್ತವನಿಗೂ ಅದೇ, ಹುಟ್ಟಿದವನಿಗೂ ಅದೇ. ತೊಗಲಿಗೆ ಹೆಂಡ ಕುಡಿಸಿದೀಯ ತಾಯಿ.”

ಫೋನಿನಲ್ಲಿ ತೆಗೆದ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. ಹೊಲಿಗೆಗೆ ಏನೂ ಆಗಿಲ್ಲ ಎಂದರು.

“ಆ ಕಪ್ಪು ವಾಪಸ್ ತರಿಸ್ಬಹುದಾ?”

“ಅದು ಬಣ್ಣ ಅಲ್ಲ. ಬೆವರು, ಜಿಡ್ಡು, ಧೂಳು. ಅದನ್ನ ಹಾಗೇ ಬಿಟ್ಟಿದ್ರೆ ಇನ್ನೆರಡು ಮಳೆಗಾಲಕ್ಕೆ ದಾರ ಕೊಳೀತಿತ್ತು. ತೆಗೀಬೇಕಾದ್ದೇ. ತೆಗೆಯೋ ರೀತಿ ಇದಲ್ಲ ಅಷ್ಟೇ.”

ಇದನ್ನು ಫುಯಿಗೆ ಯಾವ ಬಾಯಿಂದ ಹೇಳುವುದು? ನಿಮ್ಮ ಅಪ್ಪನ ಕೈ ಎಂದುಕೊಂಡದ್ದು ಕೊಳೆ ಎಂದು?

ಜೀನಿಗೆ ಹಚ್ಚುವ ಸೋಪಿನ ಒಂದು ತುಂಡು, ಎಣ್ಣೆ ಮತ್ತು ಜೇನುಮೇಣ ಕಲಸಿದ ಒಂದು ಡಬ್ಬಿ ಕೊಟ್ಟರು. ಬಟ್ಟೆಯನ್ನು ಹಿಂಡಿ ಹಿಂಡಿ ಬರೀ ತೇವ ಉಳಿಯುವಂತೆ ಮಾಡಬೇಕು. ನೊರೆಯನ್ನು ಬಟ್ಟೆಯ ಮೇಲೆ ಎಬ್ಬಿಸಬೇಕು, ತೊಗಲಿನ ಮೇಲಲ್ಲ. ಒಂದು ಗೇಣು ಒರೆಸಿದ ಮೇಲೆ ಮುಂದಿನ ಗೇಣು. ನೆರಳಲ್ಲಿ ಒಣಗಬೇಕು. ಆಮೇಲೆ ಮೇಣ, ದಿನಕ್ಕೆ ಒಂದು ಕಡಲೆಕಾಳಿನಷ್ಟು, ಬಟ್ಟೆಯಲ್ಲಲ್ಲ, ಬೆರಳಿನಲ್ಲಿ. “ಬೆರಳಿನ ಕಾವಿಗೆ ಅದು ಒಳಗಿಳಿಯುತ್ತೆ. ಅವಸರ ಮಾಡಿದ್ಯೋ, ಮೇಲೇ ಕೂತು ಅಂಟುತ್ತೆ.”

ಜುಲೈ 24

ಸೋಪಿನಲ್ಲಿ ಎಂಟು ಗೇಣು. ಒಣಗುವ ತನಕ ಮಾಡುವುದಕ್ಕೇನೂ ಇರಲಿಲ್ಲ. ಸುಮ್ಮನೆ ಕೂತು ಗಾಡಿ ಓಡಿಸಿದೆ. ಎಂದರೆ, ಓಡಿಸಿದ ಹಾಗೆ. ಹಸಿರು ಬೆಳಕು ಗಾಜಿನ ಮೇಲೆ ಹರಿಯುತ್ತಿದ್ದರೆ ನಿಂತ ಗಾಡಿ ಹೊರಟೇ ಬಿಡುತ್ತದೆ. ಕಾಲೋನಿಯ ಗೇಟು ದಾಟಿ, ಖೋದಾದಾದ್ ಸರ್ಕಲ್‌ವರೆಗೆ. ಅಲ್ಲಿಂದ ವಾಪಸ್ಸು.

ಜುಲೈ 29

ಬೆರಳಿನಿಂದ ಮೇಣ ಹಚ್ಚುವಾಗ ಹೊಲಿಗೆಯ ಒಂದೊಂದು ಮಣಿಯೂ ತಾಗುತ್ತದೆ. ಎಣಿಸುವುದಿಲ್ಲ. ಬೆರಳು ತಾನೇ ಹೋಗುತ್ತದೆ. ಇವತ್ತು ಕೂತಲ್ಲೇ ಪರೇಲ್ ದಾಟಿ ಲಾಲ್‌ಬಾಗ್‌ವರೆಗೆ ಹೋದೆ. ರಸ್ತೆ ತುಂಬ ನೀರು, ಅಂಗಡಿಗಳ ದೀಪಗಳು ನೀರಿನೊಳಗೆ ಉರಿಯುತ್ತಿದ್ದವು. ನೀರು ಬಾಗಿಲವರೆಗೆ ಬಂತು, ಗಾಡಿ ತೇಲಿತು, ಸ್ಟೀರಿಂಗ್ ತಿರುಗಿಸಿದರೆ ದೋಣಿಯ ಹಾಗೆ ಓಲಾಡುತ್ತ ತಿರುಗಿತು. ಹೆದರಿಕೆ ಆಗಲಿಲ್ಲ. ಕಾಲ ಬಳಿ ಒಂದು ಚಪ್ಪಲಿ ತೇಲಿ ಬಂತು, ಯಾರದೋ.

ಆಗಸ್ಟ್ 1

ಜೆ.ಜೆ. ಮೇಲ್ಸೇತುವೆ. ಅಲ್ಲಿ ಗಾಡಿ ಜನರ ಕಿಟಕಿಗಳ ಸಮಕ್ಕೆ ಹೋಗುತ್ತದೆ. ಒಬ್ಬಳು ಕೂದಲು ಬಾಚುತ್ತಿದ್ದಳು, ಒಬ್ಬ ಅರ್ಧ ಗಡ್ಡ ಹೆರೆದುಕೊಂಡು ನನ್ನನ್ನೇ ನೋಡಿದ. ಪರದೆಗಳು ಗಾಡಿಯೊಳಕ್ಕೆ ಬಂದು ಮುಖ ಸವರಿ ಹೋದವು. ಸೇತುವೆ ಇಳಿದರೆ ಕ್ರಾಫರ್ಡ್ ಮಾರ್ಕೆಟ್, ಅದಾದ ಮೇಲೆ ಧೋಬಿ ತಲಾವ್, ಅಲ್ಲೇ ಕಾಲೇಜು. ಸೇತುವೆ ಇಳಿಯಲಿಲ್ಲ.

ಗೆರೆಗಳು ಮುಚ್ಚುತ್ತಿವೆ. ಬಿಸ್ಕತ್ತಿನ ಬಣ್ಣ ಈಗ ಚಹಾದ ಕೆನೆಯ ಬಣ್ಣ.

ಆಗಸ್ಟ್ 4, ಭಾನುವಾರ

ಫುಯಿ ಇವತ್ತೂ ಬೆಂಚಿನಲ್ಲೇ. ಗ್ಯಾರೇಜಿಗೆ ಬಂದು ನೋಡುತ್ತಾರೇನೋ ಎಂದು ಪ್ರತಿ ಭಾನುವಾರ ಜೀವ ಬಾಯಿಗೆ ಬರುತ್ತದೆ. ಬರುವುದೇ ಇಲ್ಲ. ಒಂದು ಸಲ ಬೂಷ್ಟಿನ ವಾಸನೆ ಆಗುವುದಿಲ್ಲ ಎನ್ನುತ್ತಾರೆ, ಒಂದು ಸಲ ಕೆಸರು ಎನ್ನುತ್ತಾರೆ.

ಬಕೆಟ್ ತುಂಬುವಾಗ ಮಿನೂ ಕಾಕಾ ನಲ್ಲಿಯ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದರು. “ನಿಮ್ಮ ಫುಯಿ ಹೊಸ ವರ್ಷಕ್ಕಾದ್ರೂ ಗಾಡಿ ತೆಗೀತಾಳಾ ಇಲ್ವಾ?”

“ಅಲ್ಲೀವರೆಗೂ ಡಾಕ್ಟ್ರು ಬೇಡ ಅಂದಿದಾರಲ್ಲ ಕಾಕಾ.”

“ಯಾವ ಡಾಕ್ಟ್ರು? ಜೂನ್‌ನಲ್ಲಿ ಅವಳನ್ನ ಕರ್ಕೊಂಡು ಹೋಗಿದ್ದೇ ನಾನು. ಮುದುಕಿ, ನಾಳೆಯಿಂದ್ಲೇ ಓಡಿಸು ಅಂದ್ರು. ಯಾರಿಗೂ ಹೇಳ್ಬೇಡ ಅಂತ ನನ್ನ ಹತ್ರ ಆಣೆ ಮಾಡಿಸ್ಕೊಂಡಿದಾಳೆ. ನಾನು ಯಾರಿಗೂ ಹೇಳಿಲ್ಲ.”

“ಈಗ ನನಗೆ ಹೇಳಿದ್ರಲ್ಲ.”

“ನೀನು ಹಾಸ್ಟೆಲ್‌ನಲ್ಲಿ ಬೆಳೆದವಳು. ಬಾಯಿ ಬಿಡಲ್ಲ.”

ಆಗಸ್ಟ್ 8

ಸೇತುವೆ ಇಳಿದೆ. ಕಾಲೇಜಿನ ಗೇಟಿನ ಹತ್ತಿರ ಗಾಡಿ ನಿಲ್ಲಿಸಿ ಮೆಟ್ಟಿಲು ಹತ್ತಿದೆ. ತರಗತಿಯಲ್ಲಿ ಯಾರೂ ಇರಲಿಲ್ಲ. ಬೆಂಚುಗಳ ಮೇಲೆ ನೂರಿಪ್ಪತ್ತು ಒದ್ದೆ ಕೊಡೆಗಳು ಬಿಡಿಸಿಟ್ಟಿದ್ದವು. ಕಿಟಕಿಯ ಗಾಳಿಗೆ ಎಲ್ಲವೂ ಒಂದಕ್ಕೊಂದು ತಾಗಿ ಪಿಸುಗುಟ್ಟುತ್ತಿದ್ದವು. ನನ್ನದನ್ನೂ ಬಿಡಿಸಿಟ್ಟೆ.

ಕಣ್ಣು ಬಿಟ್ಟಾಗ ಒಂದೂವರೆ. ತಡ ಯಾಕೆ ಎಂದರು ಫುಯಿ. ಟ್ರೇನು ಎಂದೆ.

ಆಗಸ್ಟ್ 15, ಹೊಸ ವರ್ಷ

ಎಲ್ಲ ಬರೆಯುತ್ತೇನೆ, ಕೈ ನೋಯಲಿ.

ಬೆಳಿಗ್ಗೆ ಶಾವಿಗೆ, ಸಿಹಿ ಮೊಸರು, ಮೊಟ್ಟೆ. ಮೊನ್ನೆ ಮೆಕ್ಯಾನಿಕ್ ಬಂದು ಬ್ಯಾಟರಿ ಹಾಕಿ ಹೋಗಿದ್ದಾನೆ. ಶುಭಕ್ಕೆಂದು ಗಾಡಿಯ ಮುಂದೆ ಸುಣ್ಣದ ಪುಡಿಯಲ್ಲಿ ಮೀನಿನ ಅಚ್ಚು ಒತ್ತಿದೆ, ಬಾನೆಟ್ಟಿಗೆ ಕುಂಕುಮ, ಗುಲಾಬಿ ಹಾರ. ಫುಯಿ ನೀಲಿ ಸೀರೆಯುಟ್ಟು, ತಲೆಗೆ ವಸ್ತ್ರ ಕಟ್ಟಿ, ಅಗಿಯಾರಿಯ ಬೆಂಕಿಗೆ ಅರ್ಪಿಸುವ ಗಂಧದ ತುಂಡುಗಳನ್ನು ಮಡಿಲಲ್ಲಿ ಇಟ್ಟುಕೊಂಡು ಡ್ರೈವರ್ ಸೀಟಿನಲ್ಲಿ ಕೂತರು. ನಾನು ಪಕ್ಕದಲ್ಲಿ. ಅವರು ಎರಡೂ ಕೈ ಎತ್ತಿದರು. ಕೈ ಅಲ್ಲೇ ನಿಂತಿತು.

ತುಂಬ ಹೊತ್ತು ನೋಡಿದರು. ಬೆರಳಿನಿಂದ ಮುಟ್ಟಿದರು.

“ಪಪ್ಪಾ ಎಲ್ಲಿ ಹೋದ್ರು?”

ಮಳೆಗಾಲದ ಬೂಷ್ಟು ಎನ್ನಬೇಕೆಂದು ನಾನು ಒಂದು ತಿಂಗಳಿಂದ ಬಾಯಿಪಾಠ ಮಾಡಿದ್ದೆ. ಅದನ್ನು ಹೇಳುವಷ್ಟರಲ್ಲಿ ಅವರೇ ಅಂದರು. “ಸರಿ ಬಿಡು. ಪಪ್ಪಾ ಕೈಯೇ ಇಲ್ಲ ಅಂದ್ಮೇಲೆ ನಾನೇನು ಓಡಿಸ್ಲಿ. ಇವತ್ತು ಬೇಡ. ಟ್ಯಾಕ್ಸಿ ಕರಿ.”

ದನಿ ಹಗುರವಾಗಿತ್ತು. ದುಃಖದ ದನಿ ಹಾಗಿರುವುದಿಲ್ಲ. ಮಳೆಗೆ ಕಾಲೇಜಿಗೆ ರಜೆ ಎಂದು ತಿಳಿದ ದಿನ ನನ್ನ ದನಿ ಹಾಗಿತ್ತು. ಅವರು ಆಗಲೇ ಬಾಗಿಲ ಹಿಡಿಕೆಗೆ ಕೈ ಹಾಕಿದ್ದರು. ನಾನು ಬಾಯಿ ಮುಚ್ಚಿಕೊಂಡಿದ್ದರೆ ನಾವಿಬ್ಬರೂ ಪಾರಾಗುತ್ತಿದ್ದೆವು.

“ಫುಯಿ, ಅದು ತಾನಾಗಿ ಹೋಗಿದ್ದಲ್ಲ. ನಾನು ಓಡಿಕೊಲೋನ್ ಹಾಕಿ ತಿಕ್ಕಿದೆ.”

“ಯಾವಾಗ?”

“ಜುಲೈ ಹದಿನಾರು. ಮಂಗಳವಾರ ಹತ್ತು ಗಂಟೆಗೆ.”

“ಮಂಗಳವಾರ ಹತ್ತು ಗಂಟೆಗೆ ನಿನಗೆ ಕೆಮಿಸ್ಟ್ರಿ.”

“ಹೌದು.”

“ಬುಧವಾರ?”

“ಇಲ್ಲೇ ಇದ್ದೆ. ಗುರುವಾರನೂ. ಜುಲೈ ಒಂದರಿಂದ ಇಲ್ಲೇ ಇದೀನಿ.”

ಫುಯಿ ಎದುರಿನ ಗಾಜನ್ನೇ ನೋಡುತ್ತಿದ್ದರು. “ಡಬ್ಬಿ?”

“ಇಲ್ಲೇ ತಿಂತಿದ್ದೆ.”

“ಪೂರ್ತಿ?”

“ಪೂರ್ತಿ.”

“ಯಾಕೆ ಹೋಗಲ್ಲ? ಯಾರಾದ್ರೂ ಏನಾದ್ರೂ ಅಂದ್ರಾ?”

“ಯಾರೂ ಏನೂ ಅನ್ನಲಿಲ್ಲ. ಹೆದರಿಕೆ ಆಗತ್ತೆ.” ಹೇಳಿದ ಮೇಲೆ ಅದು ಎಷ್ಟು ಚಿಕ್ಕ ಮಾತು ಅನ್ನಿಸಿತು. “ಮತ್ತೆ, ಡಾಕ್ಟ್ರು ನಿಮಗೆ ಜೂನ್‌ನಲ್ಲೇ ಓಡಿಸ್ಬಹುದು ಅಂದಿದ್ರಂತೆ.”

“ಆ ಮಿನೂನ ನಾಲಿಗೆಗೆ ಬ್ರೇಕೇ ಇಲ್ಲ.” ಬಾಗಿಲ ಹಿಡಿಕೆ ಬಿಟ್ಟರು. ಗಂಧದ ತುಂಡುಗಳನ್ನು ಒಂದೊಂದಾಗಿ ಜೋಡಿಸಿದರು. “ಸಿಗ್ನಲ್‌ನಲ್ಲಿ ಕ್ಲಚ್ಚಿನ ಮೇಲೆ ಕಾಲು ಹಿಡ್ಕೊಂಡ್ಬಿಟ್ರೆ? ಗಾಡಿ ನಡುರಸ್ತೇಲಿ ನಿಂತೋದ್ರೆ? ಐವತ್ತು ವರ್ಷ ಓಡಿಸಿದೀನಿ, ಒಂದು ದಿನ ಈ ಯೋಚ್ನೆ ಬಂದಿರ್ಲಿಲ್ಲ.”

“ನಿಂತ್ರೆ ಇಳಿದು ನಾನು ತಳ್ತೀನಿ.”

“ನಿನ್ನ ತೋಳು ನೋಡ್ಕೊಂಡಿದೀಯಾ? ಬೆಳಿಗ್ಗೆ ತಿಂದ ಶಾವಿಗೇನೇ ಇದಕ್ಕಿಂತ ದಪ್ಪ ಇತ್ತು.”

ಕೀಲಿ ತಿರುಗಿಸಿದರು.

ಖೋದಾದಾದ್ ಸರ್ಕಲ್‌ನಲ್ಲೇ ನಿಂತಿತು. ಫುಯಿ ಹೆದರಿದ್ದ ಹಾಗೇ, ಸಿಗ್ನಲ್‌ನಲ್ಲಿ, ಸರಿಯಾಗಿ ನಡುವೆ. ಅವರ ಕೈ ಮಡಿಲಿಗೆ ಬಿತ್ತು. ಸುತ್ತ ಬಾವುಟ ಕಟ್ಟಿದ ಬೈಕುಗಳು, ಹಿಂದೆ ಬಸ್ಸು. ಸ್ಟೀರಿಂಗ್ ಬಿಡಬೇಡಿ ಎಂದು ಹೇಳಿ ಇಳಿದೆ. ಹಬ್ಬಕ್ಕೆಂದು ಉಟ್ಟಿದ್ದ ಸೀರೆ ಎತ್ತಿಕಟ್ಟಿ ತಳ್ಳಿದೆ. ಗಾಡಿ ಮಿಸುಕಲಿಲ್ಲ. ಬೈಕಿನ ಹುಡುಗರು ನೋಡುತ್ತ ನಿಂತಿದ್ದರು.

“ಏನ್ರೋ ನೋಡ್ತೀರಾ, ಬಾವುಟ ಆಮೇಲೆ ಹಾರಿಸಿ, ಬಂದು ಕೈ ಹಾಕಿ,” ಎಂದೆ.

ಬಂದರು. ಗಾಡಿ ಮುಂದಕ್ಕೆ ಉರುಳಿತು, ಕೆಮ್ಮಿತು, ಹೊರಟಿತು. ನಾನು ಓಡಿ ಹತ್ತಬೇಕಾಯಿತು, ಏಕೆಂದರೆ ಫುಯಿ ನಿಲ್ಲಿಸಲೇ ಇಲ್ಲ.

“ನಿಲ್ಸಿದ್ರೆ ಮತ್ತೆ ನಿಂತೋಗತ್ತೆ, ಹತ್ತು ಹತ್ತು,” ಎನ್ನುತ್ತ ಎರಡೂ ಕೈಯಲ್ಲಿ ಆ ತೆಳು ಜಾಗಗಳನ್ನೇ ಹಿಡಿದಿದ್ದರು. ಅಗಿಯಾರಿಯ ಬಾವಿಯ ಹತ್ತಿರ ಕೈಕಾಲು ತೊಳೆಯುವಾಗ ಒಂದು ಮಾತು ಅಂದರು. “ತೊಗಲು ಮೆತ್ತಗಾಗಿದೆ. ಏನು ಹಚ್ಚಿದೆ?”

ಆಗಸ್ಟ್ 16

ಹೋಗಿ ಬಂದೆ. ಕಾಲೇಜಿಗೆ. ಜ್ವರ ಬಂದು ಬಿಟ್ಟ ಹಾಗಿದೆ. ಮಲಗುತ್ತೇನೆ.

ಆಗಸ್ಟ್ 20

ಪಟ್ಟಿಯಲ್ಲಿ ನನ್ನ ಹೆಸರು ನಾಲ್ಕನೆಯದು. ಫುಯಿ ಬಂದರು, ಗಾಡಿಯಲ್ಲೇ. ವೈಸ್ ಪ್ರಿನ್ಸಿಪಾಲ್ ಮೇಡಂ ದಪ್ಪ ಪುಸ್ತಕ ತಿರುವಿದರು.

“ಜುಲೈ ಪೂರ್ತಿ ಇಲ್ಲ. ಆಗಸ್ಟ್ ಹದಿನಾರನೇ ತಾರೀಕಿಂದ ದಿನಾ ಇದೆ. ಕಾಯಿಲೆಯಾಗಿತ್ತಾ? ಡಾಕ್ಟರ್ ಚೀಟಿ ಇದೆಯಾ?”

ಮಿನೂ ಕಾಕಾರ ಗುರುತಿನ ಡಾಕ್ಟರು ಎಂಥ ಚೀಟಿ ಬೇಕಾದರೂ ಕೊಡುತ್ತಾರೆ ಎಂದು ಬೆಳಿಗ್ಗೆಯೇ ಮಾತಾಗಿತ್ತು. ಚೀಟಿ ಫುಯಿಯ ಪರ್ಸಿನಲ್ಲೇ ಇತ್ತು. ಅವರು ನನ್ನ ಕಡೆ ನೋಡಿದರು. ನಾನು ಬೇಡವೆಂದು ತಲೆಯಾಡಿಸಿದೆ.

“ಇಲ್ಲ ಮೇಡಂ. ಹೆದರಿ ಮನೇಲಿದ್ದೆ,” ಎಂದೆ.

ಇನ್ನು ಒಂದು ದಿನವೂ ತಪ್ಪಿಸದಿದ್ದರೆ ಬೇರೆ ವಿಷಯಗಳಿಗೆ ಕೂರಿಸುತ್ತಾರಂತೆ. ಪ್ರಾಕ್ಟಿಕಲ್‌ಗಳು ತಪ್ಪಿದ್ದಕ್ಕೆ ಕೆಮಿಸ್ಟ್ರಿ ಹೋಯಿತು. ಮುಂದಿನ ವರ್ಷ ಹೊಸಬರ ಜೊತೆ ಪ್ರಾಕ್ಟಿಕಲ್ ಮಾಡಬೇಕು. ಮೆಟ್ಟಿಲಿಳಿಯುವಾಗ ಅಳು ಬಂತು. ಫುಯಿ ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದರು.

“ಚೀಟಿ ಕೊಟ್ಟಿದ್ರೆ ಅದೂ ಉಳೀತಿತ್ತು, ಪೆದ್ದಿ,” ಎಂದರು. ಮುಂದಿನ ಮೆಟ್ಟಿಲಲ್ಲಿ, “ನಿಮ್ಮಪ್ಪಂಗೆ ನಾನು ಹೇಳ್ತೀನಿ. ಹೇಗೆ ಹೇಳ್ಬೇಕೋ ಹಾಗೆ.”

ಸೆಪ್ಟೆಂಬರ್ 3

ಬರೆಯಲು ಹೊತ್ತಿಲ್ಲ. ಬುಧವಾರ ಫಿಸಿಕ್ಸ್ ಟೆಸ್ಟು. ಮಾನೆಕ್ ಎಂಬ ಹುಡುಗಿ ನನ್ನ ನೋಟ್ಸ್ ತೆಗೆದುಕೊಂಡು ಹೋಗಿದ್ದಾಳೆ, ಇನ್ನೂ ಕೊಟ್ಟಿಲ್ಲ.

ಸೆಪ್ಟೆಂಬರ್ 12

ಫುಯಿ ಬೆಳಿಗ್ಗೆ ಸ್ಟೀರಿಂಗಿಗೆ ಮೇಣ ಹಚ್ಚಲು ಬಾ ಎಂದರು. ಸೋಪಾದ ಮೇಲೆ ಎಷ್ಟು ಹೊತ್ತು ಒಣಗಿಸಬೇಕೆಂದು ಅವರಿಗೆ ಇನ್ನೂ ಅಂದಾಜು ಸಿಕ್ಕಿಲ್ಲ. ಏಳೂ ಇಪ್ಪತ್ತೆರಡರ ಲೋಕಲ್ ತಪ್ಪುತ್ತದೆ, ಭಾನುವಾರ ಬರುತ್ತೇನೆ ಎಂದೆ.

ಸ್ಟೇಷನ್ ರಸ್ತೆಯಲ್ಲಿ ಅರ್ಧ ದಾರಿ ಹೋಗಿದ್ದೆ. ನಮ್ಮ ಫಿಯಾಟ್ ಪಕ್ಕದಲ್ಲೇ ಹಾದು ಹೋಯಿತು. ಒಳಗೆ ಫುಯಿ ಒಬ್ಬರೇ. ನನ್ನನ್ನು ನೋಡಲಿಲ್ಲ. ಬಲಗೈ ಕಿಟಕಿಯಿಂದ ಹೊರಗೆ ಚಾಚಿ, ಹಳೆಯ ಕಾಲದವರ ಹಾಗೆ, ತಿರುಗುತ್ತೇನೆ ಎಂದು ಸನ್ನೆ ಮಾಡುತ್ತಿದ್ದರು. ಕೂಗಿದ್ದರೆ ನಿಲ್ಲಿಸಿ ಸ್ಟೇಷನ್‌ವರೆಗೆ ಬಿಡುತ್ತಿದ್ದರು. ಕೂಗಲಿಲ್ಲ. ಅವರಿಗೂ ಎಲ್ಲಿಗೋ ಹೋಗುವುದಿತ್ತು.